ರೋಬೋಟಿಗೊಂದು ಮುಚ್ಚಳ, ಮುಚ್ಚಳಕ್ಕೊಂದು ಗುರುತು

ಬ್ಯಾಟರಿಯಿಂದ ಓಡುವ ಆಟಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ಯಾವುದು? ಮಕ್ಕಳಿರುವ ಮನೆಯ ಯಾವ ತಾಯಿಯನ್ನು ಕೇಳಿದರೂ ಉತ್ತರ ಒಂದೇ: ಸೆಲ್ ಹಾಕುವ ಜಾಗದ ಮುಚ್ಚಳ. ಅದು ಮಂಚದ ಕೆಳಗೆ ಸೇರಿತೋ, ಕಸದ ಜೊತೆ ಹೋಯಿತೋ ಯಾರಿಗೂ ಗೊತ್ತಿರುವುದಿಲ್ಲ. ಮುಚ್ಚಳ ಹೋದ ಮೇಲೆ ಸೆಲ್ಲುಗಳು ಜಾರಿ ಬೀಳದಂತೆ ಒಂದು ರಬ್ಬರ್ ಬ್ಯಾಂಡ್ ಬರುತ್ತದೆ. ಸ್ವಲ್ಪ ದಿನಕ್ಕೆ ಅದೂ ತುಂಡಾಗುತ್ತದೆ. ಕೊನೆಗೆ ಆಟಿಕೆ ಅಟ್ಟ ಸೇರುತ್ತದೆ, ಅಲ್ಲಿಂದ ಗುಜರಿಗೆ.

ಇಂಥ ಒಂದು ಸಣ್ಣ ಮುಚ್ಚಳಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಜನರೂ ಈ ಜಗತ್ತಿನಲ್ಲಿದ್ದಾರೆ. ಅಮೆರಿಕ, ಜಪಾನ್, ಯುರೋಪಿನ ದೇಶಗಳಲ್ಲಿ ಐವತ್ತು ಅರುವತ್ತು ವರ್ಷಗಳ ಹಿಂದಿನ ರೋಬೋಟ್, ರಾಕೆಟ್, ಗಗನಯಾತ್ರಿ ಗೊಂಬೆಗಳನ್ನು ಸಂಗ್ರಹಿಸುವವರು ಅವರು. ಆ ಆಟಿಕೆಗಳನ್ನು ತಯಾರಿಸಿದ ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿ ದಶಕಗಳಾದುವು. ಬಿಡಿಭಾಗ ಬೇಕೆಂದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಅವರು ಮನೆಯ ಮೇಜಿನ ಮೇಲೆಯೇ ತಗಡು ಕತ್ತರಿಸಿ, ಅಚ್ಚು ಹೊಯ್ದು, ಪ್ಲಾಸ್ಟಿಕ್ ಕಾಯಿಸಿ ಭಾಗಗಳನ್ನು ಮಾಡಿಕೊಳ್ಳುತ್ತಾರೆ.

ದೊಡ್ಡವರು ಆಟಿಕೆಯ ಹಿಂದೆ ಬೀಳುವುದೇ ಎಂದು ನಗಬೇಡಿ. ಈ ಕೆಲಸದಲ್ಲಿ ಕೈಚಳಕವಿದೆ, ವಿಜ್ಞಾನವಿದೆ. ಅದಕ್ಕಿಂತ ಮುಖ್ಯವಾಗಿ, ನಾವೆಲ್ಲರೂ ದಿನನಿತ್ಯ ಎದುರಿಸುವ ಒಂದು ಪ್ರಶ್ನೆಯೂ ಇದೆ. ಒಡೆದದ್ದನ್ನು ಸರಿಪಡಿಸುವುದಕ್ಕೂ ಒಡೆದದ್ದನ್ನು ಮುಚ್ಚಿಡುವುದಕ್ಕೂ ನಡುವಿನ ಗೆರೆ ಎಲ್ಲಿದೆ?

ಡಬ್ಬಿಯಿಂದ ಹುಟ್ಟಿದ ಆಟಿಕೆ

ಈ ಆಟಿಕೆಗಳ ಕತೆ ಶುರುವಾಗುವುದು ಸೋತು ಸುಣ್ಣವಾದ ಜಪಾನಿನಲ್ಲಿ. 1945ರ ಆಗಸ್ಟ್‌ನಲ್ಲಿ ಯುದ್ಧ ಮುಗಿದಾಗ ಅಲ್ಲಿನ ನಗರಗಳು ಬೂದಿಯಾಗಿದ್ದುವು. ಕಚ್ಚಾ ಸಾಮಗ್ರಿ ಇರಲಿಲ್ಲ. ಇದ್ದದ್ದು ಅಮೆರಿಕನ್ ಸೈನಿಕರು ಉಂಡು ಬಿಸಾಡಿದ ಖಾಲಿ ಡಬ್ಬಿಗಳು. ಕೊಸುಗೆ ಮತ್ಸುಜೊ ಎಂಬ ಆಟಿಕೆ ತಯಾರಕರು ಆ ಡಬ್ಬಿಗಳನ್ನು ಬಿಡಿಸಿ, ಚಪ್ಪಟೆ ಮಾಡಿ, ಪುಟ್ಟ ಜೀಪುಗಳನ್ನು ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ಯೋಟೋ ನಗರದ ಅಂಗಡಿಯೊಂದರಲ್ಲಿ 10 ಯೆನ್‌ಗೆ ಒಂದರಂತೆ ಅವು ಮಾರಾಟಕ್ಕೆ ಬಂದುವು. ಹಸಿವಿನ ಆ ಚಳಿಗಾಲದಲ್ಲೂ ಜನ ಸಾಲು ನಿಂತು ಕೊಂಡರು. ಮಕ್ಕಳ ಮುಖದಲ್ಲಿ ನಗು ನೋಡಬೇಕೆಂಬ ಆಸೆ ಯಾವ ಯುದ್ಧಕ್ಕೂ ಸಾಯುವುದಿಲ್ಲ.

ಮುಂದೆ ಆಟಿಕೆಗಳ ರಫ್ತಿಗೆ ಅನುಮತಿ ಸಿಕ್ಕಿತು. 1952ರಲ್ಲಿ ಅಮೆರಿಕದ ಆಡಳಿತ ಕೊನೆಗೊಳ್ಳುವ ತನಕ ಹೊರಟ ಅನೇಕ ಆಟಿಕೆಗಳ ಮೇಲೆ 'ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು' ಎಂಬ ಇಂಗ್ಲಿಷ್ ಅಚ್ಚು ಇರುತ್ತಿತ್ತು. ಒಂದು ಜನಾಂಗದ ಸೋಲು ಮಕ್ಕಳ ಆಟಿಕೆಯ ಹೊಟ್ಟೆಯ ಮೇಲೆ ಬರೆದಿತ್ತು ಎನ್ನಬಹುದು. ಇಂದು ಆ ಅಚ್ಚೇ ಆಟಿಕೆಯ ವಯಸ್ಸನ್ನು ಹೇಳುವ ಸಾಕ್ಷಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಗಡಿನ ಆಟಿಕೆ ಹೇಗೆ ತಯಾರಾಗುತ್ತಿತ್ತು? ನಮ್ಮ ಊರುಗಳಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರನ್ನು ಹಿರಿಯರು ಕಂಡಿರುತ್ತಾರೆ. ತಾಮ್ರದ ಮೇಲೆ ತವರದ ತೆಳು ಲೇಪ, ಅದೇ ಕಲಾಯಿ. ಇಲ್ಲಿ ತಾಮ್ರದ ಬದಲು ತೆಳುವಾದ ಉಕ್ಕಿನ ಹಾಳೆ, ಅದರ ಮೇಲೆ ತವರ. ಹಾಳೆ ಚಪ್ಪಟೆಯಾಗಿರುವಾಗಲೇ ಅದರ ಮೇಲೆ ಬಣ್ಣ ಬಣ್ಣದ ಚಿತ್ರ ಮುದ್ರಿಸುತ್ತಿದ್ದರು. ರೋಬೋಟಿನ ಎದೆಯ ಗಡಿಯಾರ, ಗುಂಡಿಗಳು, ತಿರುಪುಗಳು ಎಲ್ಲವೂ ಬರೀ ಚಿತ್ರ. ಬಳಿಕ ಯಂತ್ರದಲ್ಲಿ ಒತ್ತಿ, ಕತ್ತರಿಸಿ, ಬಾಗಿಸುತ್ತಿದ್ದರು. ಒಂದು ತುಂಡಿನ ಅಂಚಿನಲ್ಲಿ ಸಣ್ಣ ನಾಲಗೆ, ಇನ್ನೊಂದರಲ್ಲಿ ಸೀಳು. ನಾಲಗೆಯನ್ನು ಸೀಳಿನೊಳಗೆ ತೂರಿಸಿ ಮಡಚಿದರೆ ಜೋಡಣೆ ಮುಗಿಯಿತು. ಬೆಸುಗೆಯೂ ಇಲ್ಲ, ಮೊಳೆಯೂ ಇಲ್ಲ.

ಬಾಹ್ಯಾಕಾಶ ಆಟಿಕೆಯೊಳಗೆ ಬಂದದ್ದು

ಐವತ್ತರ ದಶಕದಲ್ಲಿ ಜಗತ್ತಿನ ಕಣ್ಣು ಆಕಾಶದ ಕಡೆ ತಿರುಗಿತು. 1956ರಲ್ಲಿ 'ಫರ್ಬಿಡನ್ ಪ್ಲಾನೆಟ್' ಎಂಬ ಹಾಲಿವುಡ್ ಸಿನೆಮಾ ಬಂತು. ಅದರಲ್ಲಿದ್ದ 'ರಾಬಿ' ಎಂಬ ರೋಬೋಟ್ ಮಕ್ಕಳ ಮನಸ್ಸು ಸೂರೆಗೊಂಡಿತು. ಅದನ್ನು ರೂಪಿಸಿದ ತಂಡದಲ್ಲಿ ಪ್ರಮುಖರಾಗಿದ್ದವರು ರಾಬರ್ಟ್ ಕಿನೋಶಿತ. ಅವರು ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಜಪಾನಿ ಮೂಲದವರು. ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಯುದ್ಧಕಾಲದಲ್ಲಿ ಅರಿಜೋನಾದ ಶಿಬಿರವೊಂದರಲ್ಲಿ ಕೂಡಿಹಾಕಲ್ಪಟ್ಟಿದ್ದವರು. ಅವರು ರೂಪಿಸಿದ ರೋಬೋಟನ್ನೇ ಹೋಲುವ ತಗಡಿನ ಆಟಿಕೆಯನ್ನು ಮರುವರ್ಷ ಜಪಾನಿನ ನೊಮುರಾ ಕಂಪೆನಿ ತಯಾರಿಸಿ ಅಮೆರಿಕಕ್ಕೇ ಕಳುಹಿಸಿತು. ಇತಿಹಾಸಕ್ಕೆ ಇಂಥ ವಿಚಿತ್ರ ತಿರುವುಗಳೆಂದರೆ ಬಹಳ ಇಷ್ಟ.

1957ರ ಅಕ್ಟೋಬರ್‌ನಲ್ಲಿ ರಷ್ಯದ ಸ್ಪುಟ್ನಿಕ್ ಹಾರಿತು. ಆ ಬಳಿಕವಂತೂ ಹೊರಿಕಾವಾ, ಯೊನೆಜಾವಾ, ಮಸುದಾಯ ಮೊದಲಾದ ಜಪಾನಿ ಕಂಪೆನಿಗಳಿಂದ ರೋಬೋಟ್, ರಾಕೆಟ್‌ಗಳ ಪ್ರವಾಹವೇ ಹರಿಯಿತು. 1966ರ ಹೊತ್ತಿಗೆ ಅಮೆರಿಕದ ಮ್ಯಾಟೆಲ್ ಕಂಪೆನಿ ಚಂದ್ರನ ಮೇಲೆ ವಾಸಿಸುವ 'ಮೇಜರ್ ಮ್ಯಾಟ್ ಮೇಸನ್' ಎಂಬ ಗಗನಯಾತ್ರಿ ಗೊಂಬೆಯನ್ನು ತಂದಿತು. 1977ರಲ್ಲಿ 'ಸ್ಟಾರ್ ವಾರ್ಸ್' ಸಿನೆಮಾ ಬಂದಾಗ ಕೆನ್ನರ್ ಎಂಬ ಕಂಪೆನಿಗೆ ಆ ವರ್ಷದ ಹಬ್ಬದ ಮಾರಾಟಕ್ಕೆ ಗೊಂಬೆಗಳನ್ನು ಒದಗಿಸಲಾಗಲಿಲ್ಲ. ಅದು ಗೊಂಬೆಯಿಲ್ಲದ ಒಂದು ರಟ್ಟಿನ ಲಕೋಟೆಯನ್ನೂ ಒಂದು ಚೀಟಿಯನ್ನೂ ಮಾರಿತು! ಚೀಟಿ ಕಳುಹಿಸಿದವರಿಗೆ 1978ರಲ್ಲಿ ಅಂಚೆಯ ಮೂಲಕ ಗೊಂಬೆಗಳು ಬಂದುವು. ಅಷ್ಟಿತ್ತು ಬೇಡಿಕೆ.

ಆಟಿಕೆ ಬಂತು, ಮಗು ಆಡಿತು, ಆಟಿಕೆ ಒಡೆಯಿತು. ಅದು ಆಟಿಕೆಯ ಧರ್ಮ. ಆದರೆ ಒಂದೊಂದು ಆಟಿಕೆ ಒಡೆಯುವ ರೀತಿ ಒಂದೊಂದು. ತಗಡಿನ ರೋಬೋಟಿನ ಮುಚ್ಚಳ ಹೋಗುತ್ತದೆ, ತಲೆಯ ಮೇಲಿನ ಆಂಟೆನಾ ಮುರಿಯುತ್ತದೆ, ಒಳಗೆ ಬಿಟ್ಟ ಸೆಲ್ ಸೋರಿ ಲೋಹದ ಪಟ್ಟಿಗಳನ್ನು ತಿನ್ನುತ್ತದೆ. ರಾಬಿಯಂಥ ರೋಬೋಟಿನ ತಲೆಯ ಪಾರದರ್ಶಕ ಪ್ಲಾಸ್ಟಿಕ್ ಗೋಪುರ ಬಿರುಕು ಬಿಡುತ್ತದೆ, ರಬ್ಬರಿನ ಕೈಗಳು ಗಟ್ಟಿಯಾಗಿ ಪುಡಿಯಾಗುತ್ತವೆ. ಮೇಸನ್ ಗೊಂಬೆಯ ರಬ್ಬರ್ ಮೈಯೊಳಗೆ ತಂತಿಯಿದೆ. ಮೊಣಕೈ, ಮೊಣಕಾಲುಗಳನ್ನು ಮಡಚಿ ಬಿಡಿಸಿ ಆಡಿದಂತೆ ತಂತಿ ಒಳಗೇ ತುಂಡಾಗುತ್ತದೆ. ಸ್ಟಾರ್ ವಾರ್ಸ್ ಗೊಂಬೆಗಳ ಎತ್ತರ ನಾಲ್ಕು ಇಂಚಿಗೂ ಕಡಿಮೆ. ಅವುಗಳ ಕೈಯಲ್ಲಿನ ಕೋವಿ, ಕತ್ತಿ ಬೆಂಕಿಕಡ್ಡಿಗಿಂತ ತುಸು ದೊಡ್ಡವು. ಅವು ಕಳೆಯದಿದ್ದರೆ ಅದೇ ಆಶ್ಚರ್ಯ.

ಕೈಯಿಂದ ಮಾಡುವ ಬಗೆ

ಎಲ್ಲಕ್ಕಿಂತ ಸುಲಭದ ಕೆಲಸ ತಗಡಿನ ಮುಚ್ಚಳ. ಮೊದಲು ಕಾಗದವನ್ನು ಆ ಜಾಗದ ಮೇಲಿಟ್ಟು ಬೆರಳಿನಿಂದ ಉಜ್ಜಿ ಅಂಚುಗಳ ಗುರುತು ತೆಗೆಯುತ್ತಾರೆ. ಆ ಅಳತೆಗೆ ರಟ್ಟಿನಲ್ಲೊಂದು ಮುಚ್ಚಳ ಮಾಡಿ ಕೂರಿಸಿ ನೋಡುತ್ತಾರೆ. ರಟ್ಟು ಸರಿಯಾಗಿ ಕೂತರೆ ಮಾತ್ರ ತಗಡಿಗೆ ಕತ್ತರಿ. ಬಿಸ್ಕತ್ತಿನ ಡಬ್ಬಿಯೋ ಎಣ್ಣೆಯ ಡಬ್ಬಿಯೋ ಸಾಕು. ಕತ್ತರಿಸುವಾಗ ಸುತ್ತ ಒಂದು ಗೆರೆಯಷ್ಟು ಹೆಚ್ಚು ಬಿಟ್ಟು, ಆ ಅಂಚನ್ನು ಒಳಕ್ಕೆ ಮಡಚಿ ತಟ್ಟುತ್ತಾರೆ. ಇದರಿಂದ ಎರಡು ಲಾಭ. ಬೆರಳು ಕೊಯ್ಯುವುದಿಲ್ಲ, ತೆಳು ತಗಡಿಗೆ ಬಲವೂ ಬರುತ್ತದೆ. ಕೊನೆಗೆ ಸಣ್ಣ ಅರದಿಂದ ಉಜ್ಜಿ ನಯ ಮಾಡಿದರೆ ಮುಗಿಯಿತು. ಯೋಚಿಸಿ ನೋಡಿ: ಬಿಸಾಡಿದ ಡಬ್ಬಿಯಿಂದ ಹುಟ್ಟಿದ ಉದ್ಯಮದ ಆಟಿಕೆಗೆ ಬಿಸಾಡಿದ ಡಬ್ಬಿಯೇ ಮತ್ತೆ ಮದ್ದಾಯಿತು.

ರೋಬೋಟನ್ನು ಬಿಚ್ಚುವಾಗ ಮಾತ್ರ ಎಚ್ಚರ ಬೇಕು. ತಗಡಿನ ನಾಲಗೆಯನ್ನು ಒಮ್ಮೆ ಎಬ್ಬಿಸಿ ಮತ್ತೆ ಮಡಚಿದರೆ ತಡೆದುಕೊಳ್ಳಬಹುದು. ಎರಡು ಮೂರು ಸಲ ಮಾಡಿದರೆ ಮಡಿಕೆಯಲ್ಲೇ ತುಂಡಾಗುತ್ತದೆ. ಲೋಹವನ್ನು ಬಾಗಿಸಿದಷ್ಟೂ ಅದು ಆ ಜಾಗದಲ್ಲಿ ಗಟ್ಟಿಯಾಗಿ, ಕೊನೆಗೆ ಬಿರುಕು ಬಿಡುತ್ತದೆ. ಮೇಸನ್ ಗೊಂಬೆಯ ತಂತಿ ತುಂಡಾದದ್ದೂ ಇದೇ ಕಾರಣಕ್ಕೆ. ತುಂಡಾದ ನಾಲಗೆಗೆ ಬೆಸುಗೆ ಹಾಕೋಣ ಎಂದರೆ ಅದರ ಬಿಸಿಗೆ ಹೊರಗಿನ ಮುದ್ರಿತ ಬಣ್ಣ ಸುಟ್ಟುಹೋಗುತ್ತದೆ. ಹಾಗಾಗಿ ಒಳಭಾಗದಲ್ಲಿ ಸಣ್ಣ ತಗಡಿನ ಪಟ್ಟಿಯೊಂದನ್ನು ಅಂಟಿನಿಂದ ಕೂರಿಸಿ ಹೊಸ ನಾಲಗೆ ಮಾಡುತ್ತಾರೆ.

ಪಾರದರ್ಶಕ ಗೋಪುರದ ಕೆಲಸ ಇದಕ್ಕಿಂತ ಕಷ್ಟದ್ದು. ಮರದಲ್ಲೋ ಪ್ಲಾಸ್ಟರಿನಲ್ಲೋ ಅದೇ ಆಕಾರದ ಅಚ್ಚು ಕೆತ್ತಬೇಕು. ಪ್ಲಾಸ್ಟಿಕ್ ಹಾಳೆಯ ದಪ್ಪವನ್ನು ಲೆಕ್ಕ ಹಾಕಿ ಅಚ್ಚನ್ನು ಅಷ್ಟು ಚಿಕ್ಕದು ಮಾಡಬೇಕು. ಅಚ್ಚಿನ ಮೇಲಿನ ಒಂದು ಸಣ್ಣ ಗೀರು ಕೂಡ ಗೋಪುರದ ಮೇಲೆ ಮೂಡುತ್ತದಾದ್ದರಿಂದ ಅದನ್ನು ಗಾಜಿನಂತೆ ನುಣುಪು ಮಾಡಬೇಕು. ಬಳಿಕ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಜೋಲುವಷ್ಟು ಬಿಸಿ ಮಾಡಿ ಅಚ್ಚಿನ ಮೇಲೆ ಇಳಿಸುತ್ತಾರೆ. ಅಚ್ಚಿನ ಕೆಳಗಿನ ಪೆಟ್ಟಿಗೆಯಲ್ಲಿ ತೂತುಗಳಿರುತ್ತವೆ. ಮನೆಯ ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರನ್ನು ಆ ಪೆಟ್ಟಿಗೆಗೆ ಜೋಡಿಸಿದರೆ, ಅದು ಗಾಳಿ ಎಳೆದಂತೆ ಮೆತ್ತಗಿನ ಹಾಳೆ ಅಚ್ಚಿಗೆ ಅಂಟಿಕೊಳ್ಳುತ್ತದೆ. ಕೆಲವೇ ಕ್ಷಣಗಳ ಆಟ. ತಡವಾದರೆ ಹಾಳೆ ತಣ್ಣಗಾಗಿ ಅರ್ಧದಲ್ಲೇ ನಿಲ್ಲುತ್ತದೆ.

ಸಣ್ಣ ಕೋವಿ, ಕೈ, ಚಕ್ರಗಳಂಥ ಭಾಗಗಳಿಗೆ ಎರಕದ ದಾರಿ. ಇನ್ನೊಬ್ಬರ ಬಳಿಯ ಮೂಲ ಭಾಗವನ್ನು ಎರವಲು ತಂದು, ಅರ್ಧದಷ್ಟನ್ನು ಜೇಡಿಯಲ್ಲಿ ಹೂತು, ಮೇಲೆ ದ್ರವರೂಪದ ಸಿಲಿಕೋನ್ ರಬ್ಬರ್ ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ಜೇಡಿ ತೆಗೆದು, ನಡುವೆ ವ್ಯಾಸಲೀನ್ ಸವರಿ, ಇನ್ನರ್ಧ ಸುರಿಯುತ್ತಾರೆ. ವ್ಯಾಸಲೀನ್ ಮರೆತರೆ ರಬ್ಬರಿಗೆ ರಬ್ಬರ್ ಅಂಟಿ ಒಂದೇ ಮುದ್ದೆ! ಗಂಧಕ ಬೆರೆತ ಜೇಡಿ ಬಳಸಿದರೆ ಕೆಲವು ಬಗೆಯ ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ. ಹೀಗೆ ಸಿದ್ಧವಾದ ಅಚ್ಚಿನೊಳಗೆ ಎರಡು ದ್ರಾವಣಗಳನ್ನು ಬೆರೆಸಿದ ರೆಸಿನ್ ಹೊಯ್ದರೆ ಹೊಸ ಭಾಗ ಸಿದ್ಧ. ಗಟ್ಟಿಯಾಗುವಾಗ ರೆಸಿನ್ ಕೂದಲೆಳೆಯಷ್ಟು ಕುಗ್ಗುವುದರಿಂದ ನಕಲು ಯಾವಾಗಲೂ ಮೂಲಕ್ಕಿಂತ ಒಂದಿಷ್ಟು ಚಿಕ್ಕದು. ನಕಲಿನಿಂದ ಇನ್ನೊಂದು ನಕಲು ತೆಗೆದರೆ ಅದು ಇನ್ನೂ ಚಿಕ್ಕದು. ವದಂತಿಯೊಂದು ಬಾಯಿಂದ ಬಾಯಿಗೆ ಹೋದಂತೆ ಪ್ರತಿ ಸಲ ಮೂಲದಿಂದ ದೂರ.

ಈಗ ಮೂರು ಆಯಾಮದ ಮುದ್ರಣ, ಅಂದರೆ ತ್ರಿಡಿ ಪ್ರಿಂಟಿಂಗ್ ಬಂದಿದೆ. 2005ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾನಿಲಯದ ಏಡ್ರಿಯನ್ ಬೋಯರ್ ಅವರು ಅಗ್ಗದ ಮುದ್ರಣ ಯಂತ್ರಗಳ ವಿನ್ಯಾಸವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವ ಯೋಜನೆ ಆರಂಭಿಸಿದರು. 2009ರಲ್ಲಿ ಆ ತಂತ್ರದ ಮುಖ್ಯ ಪೇಟೆಂಟಿನ ಅವಧಿ ಮುಗಿದ ಮೇಲೆ ಯಂತ್ರಗಳು ಸಾಮಾನ್ಯರ ಮೇಜಿಗೂ ಬಂದುವು. ಒಬ್ಬ ಒಂದು ಭಾಗವನ್ನು ಅಳೆದು ಕಂಪ್ಯೂಟರಿನಲ್ಲಿ ಚಿತ್ರಿಸಿದರೆ, ಭೂಮಿಯ ಇನ್ನೊಂದು ಮೂಲೆಯಲ್ಲಿ ಅದನ್ನು ಮುದ್ರಿಸಿಕೊಳ್ಳಬಹುದು. ಕರಗಿದ ಪ್ಲಾಸ್ಟಿಕನ್ನು ಪದರ ಪದರವಾಗಿ ಪೇರಿಸುವುದರಿಂದ ಇಂಥ ಭಾಗದ ಮೈಮೇಲೆ ಸಣ್ಣ ಗೆರೆಗಳು ಕಾಣುತ್ತವೆ. ಉಜ್ಜಿ ನಯ ಮಾಡಿ ಬಣ್ಣ ಹಚ್ಚಿದರೆ ಅವೂ ಮಾಯ.

ಪ್ರಶ್ನೆ ಹುಟ್ಟುವುದು ಇಲ್ಲೇ

ಅವೂ ಮಾಯವಾದರೆ ಒಳ್ಳೆಯದಲ್ಲವೇ? ಆಟಿಕೆ ನಿಮ್ಮ ಮನೆಯ ಕಪಾಟಿನಲ್ಲೇ ಇರುವಷ್ಟು ದಿನ ಒಳ್ಳೆಯದೇ. ಅದು ಮನೆಯ ಹೊಸ್ತಿಲು ದಾಟಿದ ದಿನ ಕತೆ ಬೇರೆ.

ಸ್ಟಾರ್ ವಾರ್ಸ್ ಗೊಂಬೆಗಳಲ್ಲಿ 'ಜಾವಾ' ಎಂಬ ಕುಳ್ಳ ಗೊಂಬೆಯೊಂದಿದೆ. 1978ರಲ್ಲಿ ಮೊದಲು ಬಂದಾಗ ಅದಕ್ಕೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಮೇಲಂಗಿ ಇತ್ತು. ಅದು ತೀರಾ ಅಗ್ಗದ ವಸ್ತುವಿನಂತೆ ಕಾಣುತ್ತದೆಂದು ಕಂಪೆನಿ ಸ್ವಲ್ಪದರಲ್ಲೇ ಬಟ್ಟೆಯ ಅಂಗಿ ತೊಡಿಸಿತು. ಪರಿಣಾಮವಾಗಿ ಬಟ್ಟೆಯ ಜಾವಾ ಸಾಮಾನ್ಯ, ವಿನೈಲ್ ಜಾವಾ ಅಪರೂಪ. ಗೊಂಬೆ ಒಂದೇ. ವ್ಯತ್ಯಾಸವಿರುವುದು ಅಂಗೈಗಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ತುಂಡಿನಲ್ಲಿ ಮಾತ್ರ. ಅದಕ್ಕಾಗಿ ಸಂಗ್ರಾಹಕರು ಸಾವಿರಾರು ಡಾಲರ್ ಕೊಡುತ್ತಾರೆ. ಇಷ್ಟಾದ ಮೇಲೆ ಏನಾಗಬೇಕೋ ಅದೇ ಆಯಿತು. ಬೇರೊಂದು ಗೊಂಬೆಯ ವಿನೈಲ್ ನಿಲುವಂಗಿಯನ್ನು ಕತ್ತರಿಸಿ ಜಾವಾಗೆ ತೊಡಿಸಿ ಮಾರುವವರು ಹುಟ್ಟಿಕೊಂಡರು. ಹೊಸದಾಗಿ ತಯಾರಿಸಿ ಹಳೆಯದೆಂದು ಮಾರುವವರೂ ಬಂದರು.

ಇದು ನೇರ ವಂಚನೆ, ಇದನ್ನು ಖಂಡಿಸಲು ಯಾರಿಗೂ ಕಷ್ಟವಿಲ್ಲ. ಕಷ್ಟವಿರುವುದು ಇನ್ನೊಂದು ಬಗೆಯಲ್ಲಿ. ಒಬ್ಬ ಪ್ರಾಮಾಣಿಕ ಕುಶಲಕರ್ಮಿ ರೋಬೋಟಿನ ಮುಚ್ಚಳ ಮಾಡುತ್ತಾನೆಂದಿಟ್ಟುಕೊಳ್ಳಿ. 'ಇದು ನಾನು ಮಾಡಿದ್ದು' ಎಂದು ಹೇಳಿಯೇ ಕಡಿಮೆ ಬೆಲೆಗೆ ಮಾರುತ್ತಾನೆ. ಕೊಂಡವನು ತನ್ನ ರೋಬೋಟಿಗೆ ಅದನ್ನು ಹಾಕಿ ಸಂತೋಷಪಡುತ್ತಾನೆ. ಇಪ್ಪತ್ತು ವರ್ಷಗಳ ಬಳಿಕ ಅವನು ತೀರಿಕೊಳ್ಳುತ್ತಾನೆ. ಮುಚ್ಚಳದ ವಿಷಯ ಮಕ್ಕಳಿಗೆ ಗೊತ್ತಿಲ್ಲ. ಅವರು 'ನಮ್ಮ ತಂದೆಯ ಕಾಲದ್ದು, ಎಲ್ಲ ಭಾಗಗಳೂ ಇವೆ' ಎಂದು ಮಾರುತ್ತಾರೆ. ಕೊಂಡವನು ಪೂರ್ತಿ ಬೆಲೆ ತೆರುತ್ತಾನೆ. ಇಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಇಲ್ಲ. ಆದರೂ ಸುಳ್ಳೊಂದು ಹುಟ್ಟಿತು, ಒಬ್ಬ ಮೋಸಹೋದ.

ಬಾಯಿಮಾತಿನ ಪ್ರಾಮಾಣಿಕತೆಗೆ ಆಯುಷ್ಯ ಕಡಿಮೆ. ಹೇಳಿದವನು, ಕೇಳಿದವನು ಇಬ್ಬರೂ ಹೋದ ಮೇಲೆ ಉಳಿಯುವುದು ವಸ್ತು ಮಾತ್ರ. ಹಾಗಾಗಿ ಸತ್ಯ ಹೇಳುವ ಕೆಲಸವನ್ನು ವಸ್ತುವಿಗೇ ವಹಿಸಬೇಕು. ಮುಚ್ಚಳದ ಒಳಮೈಯಲ್ಲಿ, ಹೊರಗೆ ಕಾಣದ ಕಡೆ, ಮಾಡಿದ ವರ್ಷವನ್ನೂ 'ನಕಲು' ಎಂಬ ಪದವನ್ನೂ ಕೊರೆದರೆ ಸಾಕು. ಎರಕದ ಭಾಗವಾದರೆ ಅಚ್ಚಿನಲ್ಲೇ ಆ ಅಕ್ಷರ ಇರಲಿ, ತ್ರಿಡಿ ಮುದ್ರಣವಾದರೆ ಚಿತ್ರದಲ್ಲೇ ಇರಲಿ. ಬಣ್ಣದಲ್ಲಿ ಬರೆದದ್ದು ಅಳಿಸುತ್ತದೆ, ಕೊರೆದದ್ದು ಉಳಿಯುತ್ತದೆ. ಆಗಲೇ ಹೇಳಿದ ಆ 'ಆಕ್ರಮಿತ ಜಪಾನ್' ಅಚ್ಚನ್ನು ನೆನಪಿಸಿಕೊಳ್ಳಿ. ಎಷ್ಟೋ ಕೈ ದಾಟಿದ ಮೇಲೂ ಅದು ತನ್ನ ಹುಟ್ಟಿನ ಕತೆಯನ್ನು ಸರಿಯಾಗಿ ಹೇಳುತ್ತಿದೆ. ನಾವು ಮಾಡಿದ ಭಾಗವೂ ಹಾಗೆಯೇ ಹೇಳಬೇಡವೇ?

ಇದು ಆಟಿಕೆಯವರ ಹೊಸ ಯೋಚನೆಯಲ್ಲ. 1964ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಸೇರಿದ ವಾಸ್ತುತಜ್ಞರು ಪ್ರಾಚೀನ ಸ್ಮಾರಕಗಳ ದುರಸ್ತಿಗೆ ನಿಯಮಗಳ ಸನ್ನದೊಂದನ್ನು ರೂಪಿಸಿದರು. ಅದರ 12ನೇ ವಿಧಿಯ ತಾತ್ಪರ್ಯ ಇಷ್ಟೇ: ಇಲ್ಲದ ಭಾಗದ ಬದಲಿಗೆ ಹಾಕುವ ಹೊಸ ಭಾಗ ಇಡೀ ಕಟ್ಟಡದೊಂದಿಗೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು. ಮಹಾ ಗೋಪುರಗಳಿಗೆ ಬರೆದ ನಿಯಮ ರೋಬೋಟಿನ ಮುಚ್ಚಳಕ್ಕೂ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಅಮೆರಿಕದಲ್ಲಿ 1973ರಿಂದ ಒಂದು ಕಾನೂನಿದೆ. ಅದರ ಪ್ರಕಾರ ಹಳೆಯ ನಾಣ್ಯಗಳ ನಕಲು ಮಾಡುವವರು ಅದರ ಮೇಲೆ 'ನಕಲು' ಎಂದು ಅಚ್ಚೊತ್ತಲೇಬೇಕು. ಚುನಾವಣೆಯ ಹಳೆಯ ಬಿಲ್ಲೆಗಳ ನಕಲಿನ ಮೇಲೆ ತಯಾರಿಸಿದ ವರ್ಷ ಇರಬೇಕು. ಆಟಿಕೆಯ ಕೋವಿ, ಮುಚ್ಚಳಗಳು ಆ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಆಟಿಕೆಯ ಭಾಗಕ್ಕೆ ಗುರುತು ಹಾಕುವುದು ಮಾಡಿದವನ ಆತ್ಮಸಾಕ್ಷಿಗೆ ಬಿಟ್ಟ ವಿಷಯ. ಕಾನೂನು ಇಲ್ಲದ ಜಾಗದಲ್ಲೇ ಮನುಷ್ಯನ ನಿಜವಾದ ಪರೀಕ್ಷೆ. ಸರಕಿನ ದೋಷವನ್ನು ತೋರಿಸಿಯೇ ಮಾರಬೇಕು ಎಂಬ ಪಾಠವನ್ನು ಬಾಲ್ಯದಿಂದಲೇ ಕೇಳುತ್ತಾ ಬಂದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೊಂದು ಒಳ್ಳೆಯ ಪದ್ಧತಿಯೂ ಇದೆ. ಮಾಡಿದ ದುರಸ್ತಿಯನ್ನು ಮುಂದೊಂದು ದಿನ ಬಿಚ್ಚಿ ತೆಗೆಯುವಂತಿರಬೇಕು. ವಸ್ತುಸಂಗ್ರಹಾಲಯಗಳಲ್ಲಿ ಮುರಿದ ವಸ್ತುಗಳನ್ನು ಜೋಡಿಸಲು ಅಸಿಟೋನ್‌ನಲ್ಲಿ ಕರಗುವ ಅಂಟನ್ನು ಬಳಸುವುದು ಇದಕ್ಕಾಗಿಯೇ. ನಾಳೆ ಮೂಲ ಭಾಗವೇ ಸಿಕ್ಕಿದರೆ ನಮ್ಮ ಭಾಗ ಸದ್ದಿಲ್ಲದೆ ಎದ್ದು ಜಾಗ ಬಿಡಬೇಕು. ಮುರಿದ ಮೂಲ ತುಂಡನ್ನು ಬಿಸಾಡದೆ ಲಕೋಟೆಯಲ್ಲಿ ಹಾಕಿ ಆಟಿಕೆಯ ಜೊತೆಗೇ ಇಡಬೇಕು. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯಬಾರದು. ಸವೆದ ಬಣ್ಣವೇ ಅದರ ಆಯುಷ್ಯದ ದಾಖಲೆ, ಬಳಿದರೆ ಬೆಲೆಯೂ ಇಳಿಯುತ್ತದೆ.

ಮಗುವಿನ ಕೈಗೆ ಕೊಡುವ ಮುನ್ನ

ಇಲ್ಲಿಯ ತನಕ ಹೇಳಿದ್ದು ಹಣದ ವಿಷಯ. ಪ್ರಾಣದ ವಿಷಯವೂ ಇದೆ.

1978ರಲ್ಲಿ ಮ್ಯಾಟೆಲ್ ಕಂಪೆನಿ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಎಂಬ ಟಿವಿ ಧಾರಾವಾಹಿಯ ಬಾಹ್ಯಾಕಾಶ ನೌಕೆಗಳನ್ನು ಮಾರಿತು. ಗುಂಡಿ ಒತ್ತಿದರೆ ಸಣ್ಣ ಪ್ಲಾಸ್ಟಿಕ್ ಕ್ಷಿಪಣಿ ಚಿಮ್ಮುತ್ತಿತ್ತು. ಆ ವರ್ಷದ ಕೊನೆಯಲ್ಲಿ ಅದು ಗಂಟಲಿಗೆ ಸಿಕ್ಕಿ ನಾಲ್ಕು ವರ್ಷದ ಮಗುವೊಂದು ತೀರಿಕೊಂಡಿತು. 1979ರ ಆರಂಭದಲ್ಲಿ ಕಂಪೆನಿ ಕ್ಷಿಪಣಿಗಳನ್ನು ಹಿಂದಕ್ಕೆ ಕರೆಸಿತು. ಕೆನ್ನರ್ ಕಂಪೆನಿಯೂ ತಾನು ಜಾಹೀರಾತು ಕೊಟ್ಟಿದ್ದ ರಾಕೆಟ್ ಹಾರಿಸುವ ಗೊಂಬೆಯ ರಾಕೆಟನ್ನು ಕದಲದಂತೆ ಜೋಡಿಸಿಯೇ ಕಳುಹಿಸಿತು. 1980ರ ಜನವರಿಯಿಂದ ಅಮೆರಿಕದಲ್ಲಿ ಸಣ್ಣ ಭಾಗಗಳ ನಿಯಮ ಜಾರಿಗೆ ಬಂತು. 31.7 ಮಿಲಿಮೀಟರ್ ಅಗಲದ ಒಂದು ಪುಟ್ಟ ಕೊಳವೆಯೊಳಗೆ ಪೂರ್ತಿಯಾಗಿ ಇಳಿಯುವ ಯಾವ ಭಾಗವೂ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಇರಬಾರದು.

ಕಾರ್ಖಾನೆಯ ಆಟಿಕೆಗಾದರೂ ಪರೀಕ್ಷೆಯಿದೆ. ಮನೆಯಲ್ಲಿ ಮಾಡಿದ ಭಾಗಕ್ಕೆ ನಾವೇ ಪರೀಕ್ಷಕರು. ಅಂಚು ಚೂಪಾಗಿದೆಯೇ, ಎಳೆದರೆ ಕಿತ್ತು ಬರುತ್ತದೆಯೇ, ಬಾಯಿಗೆ ಹೋದರೆ ಏನಾದೀತು ಎಂದು ನೋಡಬೇಕು. ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಬಣ್ಣದಲ್ಲಿನ ಸೀಸಕ್ಕೆ ಅಮೆರಿಕ 1978ರಲ್ಲಿ ಹತ್ತು ಲಕ್ಷಕ್ಕೆ 600 ಭಾಗ ಎಂಬ ಮಿತಿ ಹಾಕಿತು. 2009ರಲ್ಲಿ ಅದನ್ನು 90ಕ್ಕೆ ಇಳಿಸಿತು. ಅಂದರೆ ಅದಕ್ಕೂ ಮೊದಲಿನ ಆಟಿಕೆಯನ್ನು ಒಣ ಪಾಲಿಶ್ ಪೇಪರಿನಿಂದ ಉಜ್ಜಿ ಮನೆ ತುಂಬ ಧೂಳು ಎಬ್ಬಿಸಬಾರದು. ರೆಸಿನ್ ಗಟ್ಟಿಯಾಗುವ ಮೊದಲು ಕೈಗೆ ತಾಗಬಾರದು, ಕೈಗವಸು ಬೇಕು, ಕಿಟಕಿ ತೆರೆದಿರಬೇಕು. ಇಂಥ ಆಟಿಕೆಗಳು ಪುಟ್ಟ ಮಕ್ಕಳಿಗೆ ಕಪಾಟಿನ ಗಾಜಿನಾಚೆ ಕಂಡರೆ ಸಾಕು.

ನಮ್ಮ ಮನೆಗಳ ಅಟ್ಟದಲ್ಲಿ

ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವಿರಾದರೆ ಒಮ್ಮೆ ಅಟ್ಟ ಹತ್ತಿ ನೋಡಿ. ಗಲ್ಫಿನಲ್ಲಿ ದುಡಿದು ರಜೆಯಲ್ಲಿ ಊರಿಗೆ ಬಂದವರು ಮಕ್ಕಳಿಗೆಂದು ಬ್ಯಾಟರಿ ರೋಬೋಟ್‌ಗಳನ್ನು ತಂದ ಕಾಲವೊಂದಿತ್ತು. ನಡೆಯುತ್ತಾ ಬಂದು ನಿಂತು, ಎದೆಯ ಬಾಗಿಲು ತೆರೆದು ದೀಪ ಮಿನುಗಿಸುವ ರೋಬೋಟ್‌ಗಳು. ಜಪಾನಿನದ್ದೋ, ಹಾಂಗ್‌ಕಾಂಗಿನದ್ದೋ, ತೈವಾನಿನದ್ದೋ ಇರಬಹುದು. ಅದರ ಬೆಲೆ ಹರಾಜಿನಲ್ಲಿ ಎಷ್ಟು ಎಂಬುದು ಮುಖ್ಯವಲ್ಲ. ಎರಡು ವರ್ಷಕ್ಕೊಮ್ಮೆ ಮುಖ ನೋಡುತ್ತಿದ್ದ ತಂದೆಯೊಬ್ಬ ಸೂಟ್‌ಕೇಸಿನಲ್ಲಿ ಜಾಗ ಮಾಡಿ ತಂದದ್ದು ಎಂಬುದೇ ಅದರ ಬೆಲೆ.

ಅದು ಸಿಕ್ಕಿದರೆ ಮೊದಲು ಒಳಗಿನ ಸೆಲ್ಲುಗಳನ್ನು ತೆಗೆಯಿರಿ. ನಮ್ಮಲ್ಲಿ ಹಿಂದೆ ಸಾಮಾನ್ಯವಾಗಿದ್ದ ಟಾರ್ಚಿನ ಸೆಲ್ಲುಗಳು ಸತು ಮತ್ತು ಇಂಗಾಲದವು. ಅವುಗಳ ಸೋರಿಕೆ ಆಮ್ಲೀಯ, ಹಾಗಾಗಿ ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹತ್ತಿಯ ಕಡ್ಡಿಯಿಂದ ಸವರಬೇಕು. ಆಲ್ಕಲೈನ್ ಸೆಲ್ಲಾದರೆ ಸೋರಿಕೆ ಕ್ಷಾರೀಯ, ಅದಕ್ಕೆ ವಿನೆಗರ್ ಅಥವಾ ನಿಂಬೆರಸ. ಎರಡನ್ನೂ ಮುದ್ರಿತ ಬಣ್ಣಕ್ಕೆ ತಾಗಿಸದೆ, ಒದ್ದೆ ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ಲೋಹದ ಪಟ್ಟಿ ತುಕ್ಕು ತಿಂದು ಹೋಗಿದ್ದರೆ ಹಿತ್ತಾಳೆಯ ತೆಳು ಪಟ್ಟಿಯಿಂದ ಹೊಸತು ಮಾಡಿ. ತಿಂಡಿಯ ಡಬ್ಬಿಯ ತಗಡು ಇದಕ್ಕೆ ಬೇಡ. ಅದರ ಒಳಮೈಗೆ ಸಾಮಾನ್ಯವಾಗಿ ಅರಗಿನಂಥ ಲೇಪವಿರುತ್ತದೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಮುಚ್ಚಳಕ್ಕೆ ಮಾತ್ರ ಆ ತಗಡು ಸಾಕು.

ಈ ಕೆಲಸಕ್ಕೆ ಮನೆಯ ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಕತ್ತರಿ ದೊಡ್ಡವರ ಕೈಯಲ್ಲಿರಲಿ, ರಟ್ಟಿನ ಅಳತೆ ಮಕ್ಕಳದ್ದಾಗಲಿ. ಆಮ್ಲ, ಕ್ಷಾರ ಎಂದರೇನೆಂದು ಪುಸ್ತಕದಲ್ಲಿ ಓದಿ ಮರೆತ ಮಗು ಈ ಸಲ ಮರೆಯುವುದಿಲ್ಲ. ಒಡೆದ ಕೂಡಲೇ ಬಿಸಾಡಿ ಹೊಸತು ತರುವ ಕಾಲದಲ್ಲಿ, ಒಡೆದದ್ದನ್ನು ಕೂತು ಸರಿಪಡಿಸಬಹುದು ಎಂಬುದನ್ನೂ ಮಗು ಕಣ್ಣಾರೆ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಒಂದು ಮೊಳೆಯನ್ನು ಮಗುವಿನ ಕೈಗೆ ಕೊಟ್ಟು ಮುಚ್ಚಳದ ಒಳಮೈಯಲ್ಲಿ ಇಸವಿಯನ್ನೂ 'ನಕಲು' ಎಂಬ ಮೂರಕ್ಷರವನ್ನೂ ಕೊರೆಯಲು ಹೇಳಿ.

'ಯಾರಿಗೂ ಕಾಣದ ಕಡೆ ಯಾಕೆ ಬರೆಯಬೇಕು?' ಎಂದು ಮಗು ಕೇಳಬಹುದು. ಮುಚ್ಚಳ ತೆರೆಯುವವನಿಗೆ ಕಾಣುತ್ತದೆ ಎಂದು ಹೇಳಿ. ಎಂದಾದರೊಂದು ದಿನ ಅದನ್ನು ತೆರೆಯುವವನೊಬ್ಬ ಇದ್ದೇ ಇರುತ್ತಾನೆ. ನಾವು ಅವನನ್ನು ನೋಡಿರುವುದಿಲ್ಲ, ಅವನ ಹೆಸರೂ ನಮಗೆ ಗೊತ್ತಿರುವುದಿಲ್ಲ. ಆದರೂ ಅವನಿಗೆ ನಿಜ ಹೇಳುವ ಹೊಣೆ ಮುಚ್ಚಳ ಮಾಡಿದವರದೇ.